ಬೀಗಿತ್ತಿಗೋಸ್ಕರ ವ್ಯಾಕರಣ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನಕಾಯಿ ಜಾಡಿಗೂ ಗೋಡೆಗೂ ನಡುವೆ, ಒಂದು ಇಂಗ್ಲಿಷ್ ವ್ಯಾಕರಣದ ಪುಸ್ತಕ ನಿಂತಿರುತ್ತದೆ. ರಟ್ಟು ಎಂದೋ ಹೋಗಿದೆ. ಪ್ಯಾಸಿವ್ ವಾಯ್ಸ್ ಇರುವ ಪುಟದ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದು ಕಲೆಗಳಾಗಿವೆ. ಪ್ರಿಪೊಸಿಷನ್ನುಗಳ ಎರಡು ಪುಟಗಳು ಹುಣಸೆಹಣ್ಣಿನ ಕೈ ತಾಗಿ ಅಂಟಿಕೊಂಡುಬಿಟ್ಟದ್ದರಿಂದ ಇನ್, ಆನ್, ಅಟ್‌ಗಳ ವ್ಯತ್ಯಾಸ ನನಗೆ ಶಾಶ್ವತವಾಗಿ ತಪ್ಪಿಹೋಯಿತು. ಮೊನ್ನೆ ಬಂದಿದ್ದ ನನ್ನ ನಾದಿನಿ ಬಿಸಿ ಪಾತ್ರೆ ಇಳಿಸುವುದಕ್ಕೆ ಅದನ್ನೇ ಕೈಗೆತ್ತಿಕೊಂಡಳು. ನಾನು ಕೂಗಿಕೊಂಡ ರಭಸಕ್ಕೆ ಪಾತ್ರೆಯೇ ಕೆಳಗೆ ಬೀಳುವುದರಲ್ಲಿತ್ತು.

“ಅಯ್ಯೋ, ಹಳೇ ಪುಸ್ತಕಕ್ಕೆ ಹಿಂಗ್ ಬಡ್ಕತೀಯಲ್ಲ ಅತ್ಗೆ! ಯಾರ್ ಓದ್ತಾರೆ ಇದ್ನ?”

“ನಾನು,” ಎಂದೆ.

ಅವಳು ನಕ್ಕಳು. ನಗಲಿ ಬಿಡಿ. ಐವತ್ತು ದಾಟಿದ ಹೆಂಗಸು, ಹಾಲು ಕರೆದು ಡೈರಿಗೆ ಹಾಕಿ, ಶುಂಠಿ ಹೊಲಕ್ಕೊಂದು ಸುತ್ತು ಹೋಗಿಬಂದು, ಒಲೆಯ ಮುಂದೆ ನಿಂತು ‘ಹಿ ಗೋಸ್, ದೇ ಗೋ’ ಎಂದು ಮಂತ್ರ ಹೇಳುತ್ತಾಳೆಂದರೆ ಯಾರಿಗೆ ತಾನೆ ನಗು ಬರುವುದಿಲ್ಲ? ಆದರೆ ಆ ಪುಸ್ತಕ ನನ್ನ ಮಗಳ ಮದುವೆಯನ್ನು ಮುರಿಯುವ ಹತ್ತಿರಕ್ಕೆ ತಂದು, ಆಮೇಲೆ ತಾನೇ ಕೂಡಿಸಿದ ಪುಸ್ತಕ. ಅದರ ಮೇಲೆ ಸಾರಿನ ಪಾತ್ರೆ ಇಡಲು ನನಗೆ ಮನಸ್ಸು ಬಾರದು.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಹಸುವಿನ ಮೇಲಿನ ಇಂಗ್ಲಿಷ್ ಪ್ರಬಂಧವೊಂದು ಬಾಯಿಪಾಠವಾಗಿತ್ತು; ಪರೀಕ್ಷೆಯಲ್ಲಿ ಎಮ್ಮೆಯ ಬಗ್ಗೆ ಕೇಳಿದ್ದರೆ ನನ್ನ ಗತಿ ಮುಗಿಯುತ್ತಿತ್ತು. ಗ್ರಾಮರ್ ಎಂದರೆ ನಮಗೆ ತಿಳಿದಿದ್ದುದು ಒಂದೇ ಸೂತ್ರ, ಸಿಕ್ಕಿದ್ದಕ್ಕೆಲ್ಲ ಕೊನೆಯಲ್ಲಿ ‘ಇಂಗ್’ ಸೇರಿಸುವುದು. ಐ ಆಮ್ ನೋಯಿಂಗ್. ಶಿ ಈಸ್ ಹ್ಯಾವಿಂಗ್. ಮೈ ಫಾದರ್ ಈಸ್ ಬೀಯಿಂಗ್ ಫಾರ್ಮರ್. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡೀತು ಅನ್ನುತ್ತಾರಲ್ಲ, ನಮ್ಮ ಇಂಗ್ಲಿಷಿನಲ್ಲಿ ತೆಂಗು ಇರಲಿಲ್ಲ, ಬರೀ ಇಂಗು.

ಹಾಗೆ ನೋಡಿದರೆ ಕೊಡಗಿನವರಿಗೆ ಇಂಗ್ಲಿಷ್ ಪದಗಳು ಹೊಸವಲ್ಲ. ಎಸ್ಟೇಟು, ಆಳುಮನೆಗಳ ಲೈನು, ಕಾಫಿ ಕೊಯ್ಲಿನ ಪಿಕಿಂಗು ಎಲ್ಲ ನಮ್ಮ ಅಜ್ಜಿಯಂದಿರ ಬಾಯಲ್ಲೂ ಇದ್ದವು. ಆದರೆ ಈ ಹಳೇ ಪರಿಚಯವೇ ಒಮ್ಮೊಮ್ಮೆ ಅಡ್ಡ ಬರುತ್ತದೆ. ನಮ್ಮಲ್ಲಿ ರೈಟರ್ ಎಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವನು. ರೈಟರ್ ತೀರಿಕೊಂಡಾಗ ಇಡೀ ದೇಶ ಅತ್ತಿತು ಎಂಬರ್ಥದ ವಾಕ್ಯವೊಂದು ಪುಸ್ತಕದಲ್ಲಿತ್ತು. ಅಬ್ಬಾ, ಎಂಥ ಒಳ್ಳೆಯ ರೈಟರೋ, ಯಾರ ಅರ್ಧ ದಿನದ ಹಾಜರಿಯನ್ನೂ ಕತ್ತರಿಸಿರಲಿಕ್ಕಿಲ್ಲ ಎಂದುಕೊಂಡು ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದೆ. ಮಗಳು ಹೇಳಿದ ಮೇಲೆ ಗೊತ್ತಾಯಿತು, ಅವನು ಕಥೆ ಬರೆಯುವವನು ಎಂದು. ಅಷ್ಟೇನಾ ಅನ್ನಿಸಿತು.

ಮಗಳು ಸಿಂಧು. ಕುಶಾಲನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ಒಮ್ಮೆ ಮಕ್ಕಳನ್ನು ಆನೆ ತೋರಿಸಲು ದುಬಾರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಆನೆಯ ಹೊಟ್ಟೆಯೊಳಗಿನ ಸಮಾಚಾರ ತಿಳಿಯಲೆಂದು ಬಂಗಾಳದಿಂದ ಬಂದ ಹುಡುಗನೊಬ್ಬ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಲದ್ದಿ ತುಂಬುತ್ತಿದ್ದನಂತೆ. ಲದ್ದಿಗೆ ಬಂದವನು ಲಗ್ನದವರೆಗೆ ಬಂದ.

“ಶುಭೊ ಅಂತ ಹೆಸರು,” ಎಂದಳು ಒಂದು ಸಂಜೆ, ನಮ್ಮಿಬ್ಬರನ್ನೂ ಕೂರಿಸಿಕೊಂಡು.

ನಮ್ಮ ಯಜಮಾನರಿಗೆ ಗಾಬರಿ. “ಶುಭ ಅಂದ್ರೆ ಹುಡ್ಗಿ ಅಲ್ವೇನವ್ವಾ?”

“ಶುಭ ಅಲ್ಲ ಅಪ್ಪಾ, ಶುಭೊ. ಗಂಡಸು. ಗಡ್ಡ ಬೇರೆ ಇದೆ.”

ಹುಡುಗ ಒಳ್ಳೆಯವನು. ಮಾವುತರ ಜೊತೆ ಇದ್ದು ಕನ್ನಡ ಕಲಿತವನಾದ್ದರಿಂದ, ಮೊದಲ ಸಲ ಮನೆಗೆ ಬಂದಾಗ ನನ್ನನ್ನು ನೋಡಿ “ಕೂತ್ಕೋ! ಕೂತ್ಕೋ!” ಎಂದ. ಅದು ಅವನ ಮರ್ಯಾದೆ. ನಾನು ಕೂತೆ. ತೊಡಕು ಬಂದದ್ದು ಅವನಲ್ಲಿ ಅಲ್ಲ, ಅವನ ತಾಯಿಯ ಹತ್ತಿರ ಮಾತಾಡುವುದರಲ್ಲಿ. ಅವರ ಊರು ಜಲಪಾಯ್‌ಗುರಿ. ನಮಗೆ ಸುತ್ತ ಕಾಫಿ ತೋಟ ಇದ್ದ ಹಾಗೆ ಅವರಿಗೆ ಟೀ ತೋಟ. ತಾಯಿಯ ಹೆಸರು ಬೀಣಾ. ನಮ್ಮ ವೀಣಾ ಅಲ್ಲಿಗೆ ಹೋದರೆ ಬೀಣಾ ಆಗುತ್ತಾಳೆ. ಅವರಿಗೆ ಕನ್ನಡ ಬಾರದು, ನನಗೆ ಬಂಗಾಳಿ ಬಾರದು, ಹಿಂದಿಯಲ್ಲಿ ಇಬ್ಬರೂ ಸಮಾನ ದರಿದ್ರರು. ಉಳಿದದ್ದು ಇಂಗ್ಲಿಷ್ ಒಂದೇ.

ಮೊದಲ ವಿಡಿಯೋ ಕಾಲ್‌ನಲ್ಲಿ ನಾನು “ಹಲೋ, ಫೈನ್” ಎಂದೆ. ಅವರೂ “ಫೈನ್, ಫೈನ್” ಎಂದರು. ಆಮೇಲೆ ಇಬ್ಬರೂ ಒಬ್ಬರ ಹಣೆಯನ್ನು ಇನ್ನೊಬ್ಬರು ನೋಡುತ್ತಾ ಕೂತೆವು. ಊಟ ಆಯಿತೇ ಎಂದು ಕೇಳದೆ ನಮ್ಮಂಥವರು ಎಷ್ಟು ಹೊತ್ತು ಇರಲು ಸಾಧ್ಯ? “ಮೀಲ್ಸ್ ಫಿನಿಷ್?” ಎಂದೆ. ಅವರು ಗಾಬರಿಯಿಂದ, ರಜೆಗೆ ಊರಿಗೆ ಹೋಗಿದ್ದ ಮಗನ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಅನ್ನ ಮುಗಿದುಹೋಗಿದೆ ಎಂದು ಅರ್ಥವಾಯಿತಂತೆ.

ಸಿಂಧು ನಡುವೆ ಕೂತು ಅನುವಾದ ಮಾಡುತ್ತಿದ್ದಳು, ನಿಜ. ಆದರೆ ಮಕ್ಕಳ ಅನುವಾದ ನಿಮಗೆ ಗೊತ್ತಲ್ಲ. ನಾನು ನಮ್ಮ ಶುಂಠಿಗೆ ಕೊಳೆರೋಗ ಬಂದದ್ದು, ಅವಳ ಅಪ್ಪನಿಗೆ ಬೆನ್ನು ಹಿಡಿದದ್ದು, ಇವಳು ಹುಟ್ಟಿದಾಗ ಮೂರು ದಿನ ಮಳೆ ನಿಲ್ಲದಿದ್ದದ್ದು ಎಲ್ಲ ಹೇಳಿದರೆ, ಇವಳು ಆ ಕಡೆಗೆ “ಎವರಿಬಡಿ ಈಸ್ ಓಕೆ” ಎಂದು ದಾಟಿಸುತ್ತಿದ್ದಳು. ಆ ಕಡೆಯಿಂದ ಬೀಣಾ ಕೈ ತಿರುವಿ, ಕಣ್ಣರಳಿಸಿ ಏನೇನೋ ಹೇಳಿದರೆ ನನಗೆ ಸಿಗುತ್ತಿದ್ದುದು “ಚೆನ್ನಾಗಿದ್ದಾರಂತೆ ಅಮ್ಮಾ.” ಕೈ ಅಷ್ಟು ತಿರುವಿದ್ದು ಚೆನ್ನಾಗಿರುವುದಕ್ಕೇ? ಇವಳನ್ನು ನಂಬಿದರೆ ನಾನೂ ಬೀಗಿತ್ತಿಯೂ ಸಾಯುವತನಕ ‘ಓಕೆ’ಯಾಗಿಯೇ ಇರಬೇಕಾಗುತ್ತದೆ ಅನ್ನಿಸಿತು. ಅಟ್ಟದಿಂದ ಅವಳ ಹಳೇ ಗ್ರಾಮರ್ ಪುಸ್ತಕ ಇಳಿಸಿದೆ.

ಓದುವ ಜಾಗ ಅಡುಗೆಮನೆ, ಏಕೆಂದರೆ ಅಲ್ಲಿಗೆ ಯಾರೂ ಕೆಲಸ ಹಂಚಿಕೊಳ್ಳಲು ಬರುವುದಿಲ್ಲ. ಮೊದಲ ವಾರ ‘ಎ’ ಮತ್ತು ‘ದಿ’ಗಳ ಜೊತೆ ಜಗಳ. ಹಸು ಎಂದರೆ ಹಸು. ಅದು ಒಂದು ಹಸುವೋ ಆ ಹಸುವೋ ಎಂದು ಹಾಲು ಕರೆಯುವಾಗ ಯಾರೂ ಕೇಳುವುದಿಲ್ಲ. ಇಂಗ್ಲಿಷಿನವರಿಗೆ ಮಾತ್ರ ಅದು ಮೊದಲು ಬೇಕು. ಆಮೇಲೆ ಬಂದದ್ದು ಮೇ ಮತ್ತು ಕ್ಯಾನ್. ನಮ್ಮ ಯಜಮಾನರು ನನ್ನನ್ನು ರೇಗಿಸಲೆಂದೇ ಬಾಗಿಲಲ್ಲಿ ನಿಂತು “ಮೇ ಐ ಹ್ಯಾವ್ ಕಾಫಿ, ಮೇಡಂ?” ಎನ್ನುತ್ತಿದ್ದರು.

“ಯು ಮೇ,” ಎನ್ನುತ್ತಿದ್ದೆ ನಾನು, ಕೂತಲ್ಲಿಂದ ಏಳದೆ. ಅನುಮತಿ ಕೇಳಿದರು, ಅನುಮತಿ ಕೊಟ್ಟೆ. ಕಾಫಿ ಕೇಳಿರಲಿಲ್ಲವಲ್ಲ. ಹೀಗೆ ಅವರು ಕಾಫಿ ಮಾಡಿಕೊಳ್ಳುವುದನ್ನು ಕಲಿತರು. ಗ್ರಾಮರಿನಿಂದ ನನಗಾದ ಮೊದಲ ಲಾಭ.

ಕ್ರಮೇಣ ಧೈರ್ಯ ಬಂತು. ಸಿಂಧು ಶಾಲೆಗೆ ಹೋದ ಮೇಲೆ ನಾನೇ ಬೀಣಾ ಅವರಿಗೆ ಫೋನ್ ಮಾಡತೊಡಗಿದೆ. “ಟುಡೇ ಐ ಆಮ್ ಕುಕಿಂಗ್ ಬ್ರಿಂಜಾಲ್.” “ಓ, ಭೆರಿ ಗುಡ್! ಐ ಆಮ್ ಆಲ್ಸೋ ಕುಕಿಂಗ್ ಬ್ರಿಂಜಾಲ್.” ಎರಡು ಸಾವಿರ ಕಿಲೋಮೀಟರ್ ಆಚೆ ಅದೇ ಬದನೆಕಾಯಿ ಬೇಯುತ್ತಿದೆಯಲ್ಲಾ ಎಂಬ ಸಂತೋಷಕ್ಕೆ ನಾನು ತಳ ಹಿಡಿಸಿದ್ದೂ ಉಂಟು. ಬೆಳಿಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಅವರು ಕಳಿಸಿದ ಗುಲಾಬಿ ಹೂ, ಗುಡ್ ಮಾರ್ನಿಂಗ್. ನಾನು ದಾಸವಾಳ ಕಳಿಸುತ್ತಿದ್ದೆ.

ನಿಶ್ಚಿತಾರ್ಥದ ದಿನ ಗೊತ್ತಾಯಿತು. ಸುರಿಯುವ ಮಳೆಗಾಲ. ಅಲ್ಲಿಂದ ಇಲ್ಲಿಗೆ ರೈಲು ಬದಲಿಸಿ ಬದಲಿಸಿ ಬರಬೇಕು. ಬೀಗರಿಗೆ, ಅಂದರೆ ಬೀಣಾ ಅವರ ಗಂಡನಿಗೆ, ಮಂಡಿ ನೋವು, ಊರುಗೋಲು. ಪಾಪ, ಇಷ್ಟಕ್ಕೆಲ್ಲ ಅವರನ್ನು ಏಕೆ ಅಲೆಸುವುದು, ಮನೆಮಟ್ಟಿಗೆ ಎಲೆ ಅಡಿಕೆ ಬದಲಾಯಿಸಿಕೊಂಡರಾಯಿತು, ಮದುವೆಗೆ ಬಂದರೆ ಸಾಕು ಎಂದು ನನಗೆ ಅನ್ನಿಸಿತು. ಇದನ್ನು ನಾನೇ ಹೇಳಬೇಕು, ಅದೂ ಚೆನ್ನಾಗಿ ಹೇಳಬೇಕು. ವಾಕ್ಯವನ್ನು ನಾನೇ ಕಟ್ಟಿದೆ. ಮಸ್ಟ್ ಎಂದರೆ ಬೇಕು ಎಂದು ಆಗತಾನೇ ಕಲಿತಿದ್ದೆ. ನಾಟ್ ಎಂದರೆ ಇಲ್ಲ. ಎರಡೂ ಸೇರಿದರೆ ಬೇಕಿಲ್ಲ. ಇದಕ್ಕಿಂತ ಸರಳ ಲೆಕ್ಕ ಉಂಟೇ?

“ಬೀಣಾ ದೀದಿ, ಫಾರ್ ಎಂಗೇಜ್‌ಮೆಂಟ್ ಯು ಮಸ್ಟ್ ನಾಟ್ ಕಮ್,” ಎಂದೆ, ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಇನ್ನಷ್ಟು ಪ್ರೀತಿಯಿಂದ ಹೇಳಿದೆ. “ಯು ಆಂಡ್ ಯುವರ್ ಹಸ್ಬೆಂಡ್, ಬೋತ್ ಮಸ್ಟ್ ನಾಟ್ ಕಮ್.”

“ಓಕೆ,” ಎಂದು ಫೋನ್ ಇಟ್ಟರು.

ನಾನು ಹೊರಗೆ ಬಂದು ಯಜಮಾನರಿಗೆ ಹೇಳಿದೆ, “ಬರೋದು ಬೇಕಿಲ್ಲ ಅಂತ ನಾನೇ ಹೇಳ್ದೆ ಕಣ್ರೀ. ಎಷ್ಟು ಸಮಾಧಾನ ಆಯ್ತು ಅಂದ್ರೆ ಅವ್ರಿಗೆ, ಮಾತೇ ಹೊರಡ್ಲಿಲ್ಲ!”

ಮರುದಿನ ಗುಲಾಬಿ ಬರಲಿಲ್ಲ. ನಾನು ಕಳಿಸಿದ ದಾಸವಾಳ ಒಂಟಿಯಾಗಿ ಕೂತಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡೆ. ಮಳೆಗಾಲದಲ್ಲಿ ನಮ್ಮಲ್ಲಿ ಹೋಗುವಂತೆ ಅಲ್ಲೂ ಹೋಗಿರುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಸಿಂಧು ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಗಿದ್ದವು.

“ಅಮ್ಮಾ, ಶುಭೊ ಅಮ್ಮಂಗೆ ನೀನೇನ್ ಹೇಳ್ದೆ?”

“ಏನ್ ಹೇಳ್ದೆ? ಒಳ್ಳೇದೇ ಹೇಳ್ದೆ.”

“ಅವರು ಮದುವೆಗೂ ಬರಲ್ವಂತೆ. ಹುಡುಗಿ ಮನೆಯವರಿಗೆ ನಾವು ಬೇಡ, ನೀನ್ ಬೇಕಾದ್ರೆ ಮಾಡ್ಕೋ ಅಂತ ಶುಭೊಗೆ ಹೇಳಿದಾರೆ. ಅವನು ಅಮ್ಮ ಬರದೆ ಹೇಗೆ ಮದುವೆ ಆಗ್ಲಿ ಅಂತ ತಲೆ ಮೇಲೆ ಕೈ ಇಟ್ಕೊಂಡು ಕೂತಿದಾನೆ.”

“ನಾನು ಹಂಗೆ ಅಂದೇ ಇಲ್ಲ ಕಣೆ! ದೇವ್ರಾಣೆಗೂ!”

“ಇನ್ಮೇಲೆ ನೀನು ಮಾತಾಡ್ಲೇಬೇಡ ಅಮ್ಮಾ. ಕೈ ಮುಗೀತೀನಿ.”

ಅವಳು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಇವಳಿಗೆ ಮಾತು ಕಲಿಸಿದವಳು ನಾನು. ಸಿಟ್ಟಿಗೆ ಪುಸ್ತಕವನ್ನು ಒಲೆಗೆ ಹಾಕೋಣ ಎಂದು ಕೈಗೆತ್ತಿಕೊಂಡೆ. ಗ್ಯಾಸ್ ಒಲೆಯಾದ್ದರಿಂದ ಅದು ಆಗುವ ಕೆಲಸವಾಗಿರಲಿಲ್ಲ. ಕೈಗೆ ಬಂದ ಮೇಲೆ ಅಭ್ಯಾಸಬಲ, ಬಿಟ್ಟ ಪುಟ ತೆರೆದೆ. ಮಸ್ಟ್ ಪಾಠದ ಅರ್ಧ ಓದಿ ಬಿಟ್ಟಿದ್ದೆ. ಹಾಳೆ ತಿರುವಿದರೆ ಆ ಬದಿಯಲ್ಲಿ ಇತ್ತು: ಮಸ್ಟ್ ನಾಟ್ ಎಂದರೆ ಕೂಡದು, ಬಾರದು, ನಿಷೇಧ. ಬೇಕಿಲ್ಲ ಎನ್ನಲು ನೀಡ್ ನಾಟ್.

ನೀವಿಬ್ಬರೂ ಬರಕೂಡದು. ಒಮ್ಮೆಯಲ್ಲ, ಬಿಡಿಸಿ ಬಿಡಿಸಿ ಎರಡು ಸಲ ಹೇಳಿದ್ದೆ. ಮಂಡಿ ನೋವಿನ ಗಂಡನನ್ನೂ ಸೇರಿಸಿ ಹೇಳಿದ್ದೆ. ಮಗನ ನಿಶ್ಚಿತಾರ್ಥಕ್ಕೆ ಬರಕೂಡದು ಎಂದು ನನಗೆ ಯಾರಾದರೂ ಅಂದಿದ್ದರೆ ನಾನು ಬರೀ ಓಕೆ ಎಂದು ಫೋನ್ ಇಡುತ್ತಿದ್ದೆನೇ? ಕಾವೇರಿ ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಕೇಳುವ ಹಾಗೆ ಉತ್ತರ ಕೊಟ್ಟಿರುತ್ತಿದ್ದೆ.

ಸಿಂಧುವಿಗೆ ಹೇಳಿ ಸರಿಮಾಡಿಸಬಹುದಿತ್ತು. ಆದರೆ ಅವಳ ಕೈಗೆ ಕೊಟ್ಟರೆ ಈ ದುಃಖವೂ ‘ಸಾರಿ, ಮಿಸ್ಟೇಕ್’ ಎಂಬ ಎರಡು ಪದವಾಗಿ ದಾಟುತ್ತಿತ್ತು. ಗಾಯ ಮಾಡಿದ ಬಾಯೇ ಮದ್ದು ಹಚ್ಚಬೇಕು. ತೊಂದರೆ ಏನೆಂದರೆ, ನಾನು ಹೇಳಬೇಕಾದ ಮಾತಿಗೆ ಬೇಕಾದ ವ್ಯಾಕರಣ ಇನ್ನೂ ಬಂದಿರಲಿಲ್ಲ. ‘ನಾನು ಹಾಗೆ ಹೇಳಬಾರದಿತ್ತು, ಗೊತ್ತಿದ್ದರೆ ಹೇಳುತ್ತಿರಲಿಲ್ಲ’ ಎಂಬುದು ಪುಸ್ತಕದ ಕೊನೆಯ ಕಡೆ ಎಲ್ಲೋ ಇತ್ತು. ಕ್ಷಮೆ ಕೇಳುವುದನ್ನು ಕೊನೆಗೆ ಏಕೆ ಇಟ್ಟಿದ್ದಾರೋ. ಮನುಷ್ಯರಿಗೆ ಬೇಗ ಬೇಕಾಗುವುದು ಅದೇ ಅಲ್ಲವೇ? ನಡುವಿನ ಪಾಠಗಳನ್ನೆಲ್ಲ ಹಾರಿಸಿ ಅಲ್ಲಿಗೆ ಧುಮುಕಿದೆ.

ಅಭ್ಯಾಸಕ್ಕೆ ಯಜಮಾನರನ್ನು ಬೀಣಾ ಮಾಡಿ ಎದುರಿಗೆ ಕೂರಿಸಿದೆ.

“ಐ ಶುಡ್ ಹ್ಯಾವ್ ಸೆಡ್ ನೀಡ್ ನಾಟ್,” ಎಂದೆ.

“ನೋ,” ಎಂದರು ಅವರು, ಹೆಗಲ ಟವೆಲನ್ನು ತಲೆಗೆ ಸೆರಗಿನಂತೆ ಎಳೆದುಕೊಂಡು. “ಐ ಆಮ್ ಭೆರಿ ಆಂಗ್ರಿ.”

“ತಮಾಷೆ ಮಾಡ್ಬ್ಯಾಡ್ರಿ. ಹೊಟ್ಟೇಲಿ ಬೆಂಕಿ ಬಿದ್ದದೆ ನಂಗೆ.”

ಅವರು ಟವೆಲು ತೆಗೆದರು. “ಗೊತ್ತು ಕಣೆ. ಇನ್ನೊಂದ್ಸಲ ಹೇಳು, ಕೇಳ್ತೀನಿ,” ಎಂದು ನನ್ನ ಬಾಯನ್ನೇ ನೋಡುತ್ತಾ ಕೂತರು. ನಾನು ಪಾಠ ಒಪ್ಪಿಸಿದ್ದೇ ಒಪ್ಪಿಸಿದ್ದು. ಅವರಿಗೆ ಒಂದು ಪದವೂ ಅರ್ಥವಾಗದಿದ್ದರೂ ಎಲ್ಲಿ ತಡವರಿಸಿದೆ ಎಂದು ಮಾತ್ರ ಸರಿಯಾಗಿ ಹೇಳುತ್ತಿದ್ದರು.

ಬೆಳಿಗ್ಗೆ ಹಾಲು ಹಾಕಿ ಬಂದು ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೊಮ್ಮೆ “ಹಲೋ” ಎಂದಿತು, ತಣ್ಣನೆಯ ದನಿ.

ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ! “ದೀದಿ, ಐ ಶುಡ್... ಶುಡ್ ಹ್ಯಾವ್... ಮಸ್ಟ್ ನಾಟ್ ನಾಟ್... ಮೈ ಗ್ರಾಮರ್ ಈಸ್ ಬ್ಯಾಡ್, ಮೈ ಹಾರ್ಟ್ ಈಸ್ ನಾಟ್ ಬ್ಯಾಡ್,” ಎಂದೆ. ಅಲ್ಲಿಗೆ ಇಂಗ್ಲಿಷ್ ಮುಗಿಯಿತು. ಉಳಿದದ್ದೆಲ್ಲ ಕನ್ನಡದಲ್ಲೇ ಬಂತು. “ನೀವು ಬರೋದು ಬ್ಯಾಡ ಅಂತ ಅಲ್ಲ ಕಣಮ್ಮಾ, ನಿಮ್ಗೆ ತ್ರಾಸ ಆಯ್ತದೆ ಅಂತ...” ಎಂದು ನಾನು ಅಳು ಬೆರೆಸಿ ಹೇಳುತ್ತಿದ್ದರೆ ಆ ಕಡೆಯಿಂದ ಬಂಗಾಳಿಯ ಒಂದು ಹೊಳೆಯೇ ಹರಿಯಿತು. ಇಬ್ಬರೂ ಒಟ್ಟಿಗೆ ನಿಲ್ಲಿಸಿದೆವು.

“ಮಸ್ಟ್ ನಾಟ್ ಈಸ್ ಮಿಸ್ಟೇಕ್,” ಎಂದೆ. “ಕರೆಕ್ಟ್ ಈಸ್ ನೀಡ್ ನಾಟ್.”

“ಹೋಲ್ಡ್ ದಿ ಲೈನ್,” ಎಂದರು. ಫೋನನ್ನು ಎಲ್ಲೋ ಇಟ್ಟ ಸದ್ದು. ಬೀರು ತೆರೆದ ಸದ್ದು. ಆಮೇಲೆ ಹಾಳೆ ತಿರುವುವ ಸರಸರ. ನಾನು ಕಿವಿಗೊಟ್ಟು ನಿಂತೆ. ದೂರದಲ್ಲಿ ಅವರು ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. “ಮಸ್ಟ್ ನಾಟ್... ನೀಡ್ ನಾಟ್...”

ಅವರೂ ಪುಸ್ತಕ ಕೊಂಡಿದ್ದರು! ನನ್ನ ಮಗಳು ಏನೆಂದರೂ ಅವರ ಮಗನೂ ಎರಡೇ ಪದದಲ್ಲಿ ದಾಟಿಸುತ್ತಿದ್ದನಂತೆ. ಅದಕ್ಕೆ ಅವರೂ ನನ್ನ ಹಾಗೆ, ಮನೆಯಲ್ಲಿ ಯಾರಿಗೂ ತಿಳಿಯದಂತೆ, ಬಂಗಾಳಿಯಲ್ಲಿ ಅರ್ಥ ಬರೆದಿರುವ ಒಂದು ಗ್ರಾಮರ್ ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಓದುತ್ತಿದ್ದರು. ನನ್ನ ಮಾತು ಕೇಳಿದ ದಿನ ಅವರು ಮಸ್ಟ್ ನಾಟ್ ಇರುವ ಪುಟ ತೆರೆದು, ಸರಿಯಾದ ಅರ್ಥ ನೋಡಿ, ಆಮೇಲೇ ನೊಂದುಕೊಂಡಿದ್ದರು. ವ್ಯಾಕರಣ ಬಾರದ ನಾನು ತಪ್ಪಾಗಿ ಹೇಳಿದೆ, ವ್ಯಾಕರಣ ಬಂದ ಅವರು ಸರಿಯಾಗಿ ಅರ್ಥಮಾಡಿಕೊಂಡರು. ಇಬ್ಬರೂ ದಡ್ಡಿಯರಾಗಿಯೇ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ ನೋಡಿ.

“ದೀದಿ,” ಎಂದರು ಫೋನಿಗೆ ಮರಳಿ. “ಐ ಕ್ರೈಡ್. ಎವರಿ ಡೇ ಐ ವಾಜ್ ಕ್ರೈಯಿಂಗ್.”

“ನೌ?” ಎಂದೆ ಭಯದಿಂದ.

“ನೌ ಐ ಆಮ್ ಲಾಫಿಂಗ್,” ಎಂದವರು ನಿಜವಾಗಿ ಅಳುತ್ತಿದ್ದರು. ನಾನೂ ಅಷ್ಟೇ. ಬಾಗಿಲ ಹಿಂದೆ ನಿಂತಿದ್ದ ಯಜಮಾನರು ಕಾಫಿ ತಂದಿಟ್ಟರು, ಅನುಮತಿ ಕೇಳದೆ.

ಅವರು ಬಂದರು, ಮಳೆಯಲ್ಲೇ, ನಿಶ್ಚಿತಾರ್ಥಕ್ಕೇ ಬಂದರು. ಬೀಗರು ಊರುಗೋಲು ಹಿಡಿದು ಅಂಗಳದ ಕೆಸರಿನಲ್ಲಿ ಇಳಿದಾಗ ಶುಭೊ ಓಡಿಹೋಗಿ ತಬ್ಬಿಕೊಂಡ. ಸಿಂಧು ನನ್ನ ಕಿವಿಯಲ್ಲಿ “ಸಾರಿ ಅಮ್ಮಾ” ಎಂದಳು. ಅವಳ ಅನುವಾದದಂತೆ ಅವಳ ಕ್ಷಮೆಯೂ ಎರಡೇ ಪದ. ಸಾಕು, ನನಗೆ ಪೂರ್ತಿ ಅರ್ಥವಾಯಿತು. ಎಲೆ ಅಡಿಕೆ ಬದಲಾಯಿತು. ಹಾರಂಗಿ ಹೊಳೆಯ ಮೀನಿಗೆ ಬೀಣಾ ಸಾಸಿವೆ ಅರೆದು ಹಾಕಿದರು, ನಾನು ತೆಂಗಿನಕಾಯಿ ಅರೆದು ಹಾಕಿದೆ. ಗಂಡಸರು ಎರಡನ್ನೂ ಹೊಗಳಿ ಜಾಣರೆನಿಸಿಕೊಂಡರು. ನಾವಿಬ್ಬರೂ ಒಲೆಯ ಮುಂದೆ ನಿಂತು ತಪ್ಪು ತಪ್ಪು ಮಾತಾಡಿದೆವು, ಒಬ್ಬರನ್ನೊಬ್ಬರು ತಿದ್ದಿದೆವು, ತಿದ್ದಿದ್ದೂ ತಪ್ಪಾಗಿರುತ್ತಿತ್ತು. ಅವರು ಹೆರಿಗೆಯಲ್ಲಿ ಪಟ್ಟ ಪಾಡು, ನಾನು ಅತ್ತೆಯ ಕೈಯಲ್ಲಿ ಪಟ್ಟ ಪಾಡು, ಎಲ್ಲವೂ ಮೂರೇ ಕಾಲಗಳಲ್ಲಿ ಹೇಗೋ ಹಿಡಿಸಿತು.

ಹೊರಡುವ ದಿನ ಕುಶಾಲನಗರದ ಬಸ್ ನಿಲ್ದಾಣಕ್ಕೆ ಹೋದೆವು. ಮೈಸೂರಿಗೆ ಹೋಗಿ ಅವರು ರೈಲು ಹಿಡಿಯಬೇಕು. ಬೀಗರನ್ನು ಹತ್ತಿಸಿ ಕೂರಿಸಿದ್ದಾಯಿತು. ಬೀಣಾ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ, ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು, “ದೀದಿ, ಐ ಆಮ್ ಕಮಿಂಗ್.”

ನನ್ನೊಳಗಿನ ಮೇಡಂ ಸುಮ್ಮನಿರಲಿಲ್ಲ. “ನೋ, ನೋ. ಗೋಯಿಂಗ್. ಯು ಆರ್ ಗೋಯಿಂಗ್.”

ಅವರು ತಲೆಯಾಡಿಸಿದರು. “ನೋ ದೀದಿ. ಇನ್ ಅವರ್ ಹೌಸ್, ನೋಬಡಿ ಸೇ ಗೋಯಿಂಗ್. ಬ್ಯಾಡ್ ವರ್ಡ್. ವಿ ಸೇ ‘ಆಶಿ’. ಐ ಆಮ್ ಕಮಿಂಗ್.”

ಹೀಗನ್ನುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ಹೊಸ್ತಿಲು ದಾಟುವಾಗ ಹೋಗ್ತೀನಿ ಅಂದರೆ ನಮ್ಮಮ್ಮ ಬಾಯಿಗೆ ಹೊಡೆಯುತ್ತಿದ್ದಳು. ಅವರಿಗೆ ಅದನ್ನು ಹೇಳಿಕೊಟ್ಟೆ: “ಹೋಗಿ ಬರ್ತೀನಿ.” ಅವರು ಎರಡು ಸಲ ಬಾಯಲ್ಲಿ ತಿರುವಿ “ಹೋಗಿ ಬೊರ್ತೀನಿ” ಎಂದರು. ಇಂಗ್ಲಿಷಿನವರು ಪಾಪ, ಅಷ್ಟೊಂದು ಕಾಲಗಳನ್ನು ಇಟ್ಟುಕೊಂಡೂ ಹೋಗುವಾಗ ಬರೀ ಹೋಗುತ್ತಾರೆ.

ಬಸ್ಸು ಹೊರಟಿತು. ಕಿಟಕಿಯಿಂದ ಕೈ ಆಚೆ ಹಾಕಿ ಬೀಣಾ “ಕಮಿಂಗ್! ಕಮಿಂಗ್!” ಎಂದು ಕೂಗುತ್ತಿದ್ದರು. ನಾನೂ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡುತ್ತಾ “ಕಮ್, ದೀದಿ! ಕಮ್!” ಎಂದು ಕೂಗಿದೆ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ಬಾಗಿಲಿನಿಂದ ತಲೆ ಹಾಕಿದ.

“ಯಾರಕ್ಕಾ ಬರಾದು? ಬೇಗ ಬರಕ್ ಹೇಳಿ, ಟೈಮಾಯ್ತು!”

“ಈಗಲ್ಲ ಕಣಪ್ಪಾ,” ಎಂದೆ ಏದುಸಿರು ಬಿಡುತ್ತಾ. “ನೀನ್ ಹೊರಡು. ಅವ್ರು ಆಮೇಲೆ ಬತ್ತಾರೆ.”